ಗಂಟಲು ಸರಿಮಾಡಿಕೊಳ್ಳುವುದನ್ನು ಬಿಟ್ಟ ಮೇಲೆ ದನಿ ಸರಿಯಾಯಿತು

ಆ ರೆಕಾರ್ಡಿಂಗ್ ಈಗಲೂ ನನ್ನ ಫೋನಿನಲ್ಲಿದೆ. ನಲವತ್ತು ನಿಮಿಷದ ಪಾಠ. ಜ್ವರ ಬಂದು ಮನೆಯಲ್ಲಿದ್ದ ಇಬ್ಬರು ಮಕ್ಕಳಿಗೆ ಕಳಿಸೋಣ ಅಂತ ಮೇಜಿನ ಮೇಲೆ ಫೋನ್ ಇಟ್ಟು ಪಾಠ ಮಾಡಿದ್ದೆ. ಸಂಜೆ ಕಳಿಸುವ ಮುಂಚೆ ಒಂದು ಸಲ ಕೇಳಿ ನೋಡೋಣ ಎಂದು ಹಾಕಿದೆ. ಮೊದಲ ಮಾತಿಗೂ ಮುಂಚೆ ಒಂದು ಸದ್ದು. ‘ಹ್ಞುಹುಂ.’ ಎರಡು ವಾಕ್ಯ ಆದ ಮೇಲೆ ಮತ್ತೆ ಅದೇ. ಪ್ರಶ್ನೆ ಕೇಳುವ ಮುಂಚೆ, ಮಗು ಉತ್ತರ ಹೇಳುತ್ತಿರುವಾಗ, ಬೋರ್ಡಿನ ಕಡೆ ತಿರುಗಿದಾಗ. ಕೈಗೆ ಸಿಕ್ಕ ಹಾಳೆಯ ಮೇಲೆ ಗೆರೆ ಹಾಕುತ್ತಾ ಹೋದೆ. ಪಾಠ ಮುಗಿಯುವ ಹೊತ್ತಿಗೆ 58 ಗೆರೆ. ಮೂರೋ ನಾಲ್ಕೋ ಸಲ ಗಂಟಲು ಸರಿಮಾಡಿಕೊಂಡಿರಬಹುದು ಎಂದುಕೊಂಡಿದ್ದೆ ನಾನು.

ರೆಕಾರ್ಡಿಂಗ್ ಕಳಿಸಲಿಲ್ಲ. ಮಾರನೇ ದಿನವೇ ಇ.ಎನ್.ಟಿ. ಡಾಕ್ಟರ ಬಳಿ ಸಮಯ ಕೇಳಿದೆ. ಆ ಹೊತ್ತಿಗೆ ತೊಂದರೆ ಶುರುವಾಗಿ ಐದು ತಿಂಗಳಾಗಿತ್ತು. ಅಷ್ಟು ದಿನ ಕಾಯಬಾರದಿತ್ತು.

ಶುರುವಾದದ್ದು ಒಂದು ಸಾಮಾನ್ಯ ನೆಗಡಿಯಿಂದ. ವಾರದಲ್ಲಿ ಮೂಗು ಸೋರುವುದು ನಿಂತಿತು, ಮೈಕೈ ನೋವು ಹೋಯಿತು, ಕಫ ಮಾತ್ರ ಉಳಿಯಿತು. ಎದೆಯಲ್ಲಿ ಅಲ್ಲ, ಗಂಟಲ ಬುಡದಲ್ಲಿ. ಅಲ್ಲಿ ಏನೋ ಅಂಟಿಕೊಂಡ ಹಾಗೆ. ನುಂಗಿದರೆ ಇಳಿಯುವುದಿಲ್ಲ, ಕ್ಯಾಕರಿಸಿದರೆ ಬರುವುದಿಲ್ಲ. ಬಂದರೂ ಒಂದು ಚೂರು ಬೆಳ್ಳಗಿನ ಲೋಳೆ, ನೂಲಿನ ಹಾಗೆ ಎಳೆಎಳೆಯಾಗಿ. ಅದು ಹೋಯಿತು ಅಂದುಕೊಂಡು ಬಾಯಿ ತೆರೆದರೆ ಅರ್ಧ ನಿಮಿಷದಲ್ಲಿ ಮತ್ತೆ ಅಲ್ಲೇ ಕೂತಿರುತ್ತಿತ್ತು.

ದಿನಕ್ಕೆ ಐದು ಪೀರಿಯಡ್ ಪಾಠ ಮಾಡುವ ಕೆಲಸ ನನ್ನದು. ಎರಡನೇ ಪೀರಿಯಡ್ ವರೆಗೆ ದನಿ ಹೇಗೋ ನಡೆಯುತ್ತಿತ್ತು. ಮೂರನೆಯದರಲ್ಲಿ ಒಡೆಯುತ್ತಿತ್ತು. ಐದನೆಯದರಲ್ಲಿ ವಾಕ್ಯದ ಕೊನೆಯ ಪದ ಬರೀ ಗಾಳಿಯಾಗಿ ಹೊರಡುತ್ತಿತ್ತು. ಮಕ್ಕಳ ಜೊತೆ ಹಾಡುವಾಗ ಮೇಲಿನ ಸ್ವರಕ್ಕೆ ಹೋದರೆ ಅಲ್ಲಿ ದನಿಯೇ ಇಲ್ಲ. ಸಂಜೆ ಫೋನ್ ಮಾಡಿದವರೆಲ್ಲ ‘ಗಂಟಲು ಕೂತಿದೆಯಲ್ಲ, ಹುಷಾರಿಲ್ವಾ?’ ಎಂದು ಕೇಳುವುದೇ ಮಾಮೂಲಿಯಾಯಿತು. ಇಷ್ಟಪಟ್ಟು ಆರಿಸಿಕೊಂಡ ಕೆಲಸ ಇದು. ಬೆಳಿಗ್ಗೆ ಎದ್ದ ಕೂಡಲೇ, ಇವತ್ತು ಎಷ್ಟು ಹೊತ್ತು ಮಾತಾಡಬಲ್ಲೆ ಎಂದು ಲೆಕ್ಕ ಹಾಕುವ ಹಾಗಾದಾಗ ನಿಜಕ್ಕೂ ಭಯವಾಯಿತು.

ಆ ಐದು ತಿಂಗಳಲ್ಲಿ ನಾನು ಮಾಡಿದ್ದನ್ನೆಲ್ಲ ಹೇಳಿಬಿಡುತ್ತೇನೆ, ಯಾಕೆಂದರೆ ಹೆಚ್ಚಿನವರು ಇದನ್ನೇ ಮಾಡುತ್ತಾರೆ. ಮೆಂಥಾಲ್ ಇರುವ ಗಂಟಲ ಮಾತ್ರೆ ದಿನಕ್ಕೆ ಏಳೆಂಟು ಚೀಪಿದೆ. ಚೀಪುವಾಗ ತಣ್ಣಗೆ ಹಿತವಾಗಿರುತ್ತಿತ್ತು, ಆಮೇಲೆ ಗಂಟಲು ಇನ್ನಷ್ಟು ಒಣಗುತ್ತಿತ್ತು. ಕಫ ಒಣಗಲಿ ಎಂದು ನೆಗಡಿ ಮಾತ್ರೆ ನುಂಗಿದೆ, ಅದೇ ನಿದ್ದೆ ಬರಿಸುವ ಹಳೆಯ ಬಗೆಯದು. ಅದು ಮೂಗನ್ನು ಒಣಗಿಸುವ ಹಾಗೆಯೇ ಗಂಟಲನ್ನೂ ಒಣಗಿಸುತ್ತದೆ. ತೆಳ್ಳಗಿದ್ದ ಕಫ ಅಂಟಂಟಾಗಿ ಗಟ್ಟಿಯಾಯಿತು. ಹಾಲು ಬಿಟ್ಟೆ. ಹಾಲಿನಿಂದ ಕಫ ಹೆಚ್ಚುವುದಿಲ್ಲವಂತೆ. ಎಂಜಲಿನ ಜೊತೆ ಸೇರಿ ಸ್ವಲ್ಪ ಹೊತ್ತು ಬಾಯಿ, ಗಂಟಲು ಮಂದವಾದಂತೆ ಅನ್ನಿಸುತ್ತದೆ, ಅಷ್ಟೇ. ದನಿಗೆ ವಿಶ್ರಾಂತಿ ಕೊಡೋಣ ಎಂದು ಮನೆಯಲ್ಲಿ ಪಿಸುಗುಟ್ಟುತ್ತಾ ಓಡಾಡಿದೆ. ಅದೂ ತಪ್ಪು. ಜೋರಾಗಿ ಪಿಸುಗುಟ್ಟುವಾಗ ಗಂಟಲ ಸ್ನಾಯುಗಳೆಲ್ಲ ಬಿಗಿಯುತ್ತವೆ. ಹಲವರಿಗೆ ಮೆಲ್ಲಗೆ ಮಾತಾಡುವುದಕ್ಕಿಂತ ಪಿಸುಮಾತೇ ಹೆಚ್ಚು ದಣಿವು. ವಿಶ್ರಾಂತಿ ಬೇಕಾದರೆ ಸುಮ್ಮನಿರಬೇಕು, ಇಲ್ಲವೇ ಮೆತ್ತಗಿನ ದನಿಯಲ್ಲಿ ಮಾತಾಡಬೇಕು.

ಒಂದು ಸಲ ಕಫ ಹಸಿರಾಗಿ ಬಂತು. ಮನೆಯಲ್ಲಿ ಹಳೆಯ ಆಂಟಿಬಯೋಟಿಕ್ ನಾಲ್ಕು ಮಾತ್ರೆ ಉಳಿದಿದ್ದವು, ನುಂಗಲೆಂದು ಕೈಗೂ ತೆಗೆದುಕೊಂಡಿದ್ದೆ. ಪುಣ್ಯಕ್ಕೆ ನುಂಗಲಿಲ್ಲ. ಹಸಿರು ಬಣ್ಣ ಬರುವುದು ಸೋಂಕಿನ ವಿರುದ್ಧ ಹೋರಾಡುವ ನಮ್ಮದೇ ಬಿಳಿರಕ್ತಕಣಗಳಲ್ಲಿರುವ ಒಂದು ಕಿಣ್ವದಿಂದ. ಆ ಹೋರಾಟ ವೈರಸ್ಸಿನ ಮೇಲೂ ಇರಬಹುದು, ಬ್ಯಾಕ್ಟೀರಿಯಾದ ಮೇಲೂ ಇರಬಹುದು. ಬಣ್ಣ ನೋಡಿ ಮಾತ್ರೆ ನುಂಗುವಂತಿಲ್ಲ.

ದನಿ ಕೆಟ್ಟು ನಾಲ್ಕು ವಾರವಾದರೂ ಸರಿಯಾಗದಿದ್ದರೆ ಗಂಟಲೊಳಗೆ ನೋಡಿಸಲೇಬೇಕು. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ಬೀಡಿ ಸಿಗರೇಟು ಸೇದುವವರು, ಕಫದಲ್ಲಿ ರಕ್ತ ಕಂಡವರು, ನುಂಗುವಾಗ ನೋವು ಅಥವಾ ಉಸಿರಾಡಲು ಕಷ್ಟ ಇರುವವರು, ಕುತ್ತಿಗೆಯಲ್ಲಿ ಗಂಟು ಕಾಣಿಸಿದವರು, ಕಾರಣವಿಲ್ಲದೆ ತೂಕ ಇಳಿದವರು ಆ ನಾಲ್ಕು ವಾರವನ್ನೂ ಕಾಯಬಾರದು. ನನಗೆ ಇವ್ಯಾವುವೂ ಇರಲಿಲ್ಲ. ಆದರೂ ಐದು ತಿಂಗಳು ಬಿಟ್ಟದ್ದು ದೊಡ್ಡ ತಪ್ಪೇ.

ಪರೀಕ್ಷೆಯ ದಿನ ಹೆದರಿಕೆಯಿತ್ತು. ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಗಂಟಲಿಗೆ ಕಹಿಯಾದ ಒಂದು ಸ್ಪ್ರೇ ಹೊಡೆದರು, ಎರಡು ನಿಮಿಷದಲ್ಲಿ ನಾಲಿಗೆಯ ಬುಡ ಮರಗಟ್ಟಿತು. ನಾಲಿಗೆಯನ್ನು ಹೊರಗೆ ಚಾಚಲು ಹೇಳಿ, ಬಟ್ಟೆಯ ತುಂಡಿನಿಂದ ಹಿಡಿದುಕೊಂಡರು. ತುದಿಯಲ್ಲಿ ಕ್ಯಾಮೆರಾ ಇರುವ ಉದ್ದನೆಯ ಕಡ್ಡಿ ಬಾಯೊಳಗೆ ಹೋಯಿತು. ‘ಈ... ಅನ್ನಿ, ಉದ್ದಕ್ಕೆ’ ಎಂದರು. ಎದುರಿನ ಪರದೆಯ ಮೇಲೆ ನನ್ನದೇ ಧ್ವನಿತಂತುಗಳು.

ತಂತು ಅಂದ ಕೂಡಲೇ ನಾವು ವೀಣೆಯ ತಂತಿಯಂಥದ್ದನ್ನು ಊಹಿಸಿಕೊಳ್ಳುತ್ತೇವೆ. ಅವು ತಂತಿಗಳಲ್ಲ. ಎರಡು ಮಡಿಕೆಗಳು, ಮುತ್ತಿನ ಬಿಳುಪು, ಒದ್ದೆಯಾಗಿ ಹೊಳೆಯುತ್ತವೆ. ಉಸಿರೆಳೆದಾಗ ಹಿಂದೆ ಬಾಯಿಬಿಟ್ಟು ‘ವಿ’ ಆಕಾರದಲ್ಲಿ ನಿಲ್ಲುತ್ತವೆ, ದನಿ ತೆಗೆದಾಗ ಹತ್ತಿರ ಬಂದು ಕೂಡುತ್ತವೆ. ಹೆಂಗಸಿನ ಮಾತಿನಲ್ಲಿ ಅವು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ, ಗಂಡಸಿನ ಮಾತಿನಲ್ಲಿ 100ಕ್ಕಿಂತ ಸ್ವಲ್ಪ ಹೆಚ್ಚು. ಕಣ್ಣಿಗೆ ಕಾಣದ ಈ ವೇಗವನ್ನು ತೋರಿಸಲು ಸ್ಟ್ರೋಬ್ ದೀಪ ಬಳಸುತ್ತಾರೆ. ದನಿಯ ವೇಗಕ್ಕಿಂತ ತುಸು ಹೆಚ್ಚುಕಡಿಮೆಯಾಗಿ ದೀಪ ಮಿಣುಕುವುದರಿಂದ ಮಡಿಕೆಗಳು ನಿಧಾನವಾಗಿ ಅಲೆಯ ಹಾಗೆ ಏಳುತ್ತಾ ಬೀಳುತ್ತಾ ಕಾಣುತ್ತವೆ.

ಆ ಅಲೆಯ ಮಧ್ಯದಲ್ಲೇ ಅದು ಕಂಡಿತು. ಎಡ ಮಡಿಕೆಯಿಂದ ಬಲ ಮಡಿಕೆಗೆ ಎಳೆದು ಕಟ್ಟಿದ ಬಿಳಿ ನೂಲಿನಂಥ ಲೋಳೆ. ಉಸಿರೆಳೆದಾಗ ಉದ್ದಕ್ಕೆ ಜಗ್ಗುತ್ತಿತ್ತು, ದನಿ ತೆಗೆದಾಗ ಎರಡರ ನಡುವೆ ಸಿಕ್ಕಿ ನಡುಗುತ್ತಿತ್ತು. ಐದು ತಿಂಗಳಿಂದ ನನ್ನನ್ನು ಕಾಡಿದ್ದು ಇಷ್ಟೇ ಇಷ್ಟು ನೂಲು.

‘ಈಗ ಯಾವಾಗಲೂ ಮಾಡುವ ಹಾಗೆ ಒಂದು ಸಲ ಗಂಟಲು ಸರಿಮಾಡಿಕೊಳ್ಳಿ’ ಎಂದರು ಡಾಕ್ಟರು. ಮಾಡಿದೆ. ಆಮೇಲೆ ಆ ತುಣುಕನ್ನು ಹಿಂದಕ್ಕೆ ಎಳೆದು ನಿಧಾನವಾಗಿ ತೋರಿಸಿದರು. ಎರಡು ಮಡಿಕೆಗಳೂ ಬಾಗಿಲು ಬಡಿದ ಹಾಗೆ ಒಂದಕ್ಕೊಂದು ಅಪ್ಪಳಿಸಿದವು, ಉಜ್ಜಿದವು. ಅವುಗಳ ಮೇಲಿರುವ ಇನ್ನೆರಡು ಮಡಿಕೆಗಳೂ ಒಳಕ್ಕೆ ಹಿಂಡಿಕೊಂಡವು. ನೂಲು ಮಾಯವಾಯಿತು. ಅಂಚು ಕೆಂಪಾಯಿತು. ಮತ್ತೆ ‘ಈ’ ಅಂದೆ. ಮೂರನೇ ‘ಈ’ಗೆ ನೂಲು ವಾಪಸ್ಸು ಬಂದು, ಅದೇ ಜಾಗದಲ್ಲಿ ಕೂತಿತ್ತು.

‘ಅದು ಯಾಕೆ ಅಲ್ಲೇ ಬರುತ್ತೆ ಗೊತ್ತಾ?’ ಎಂದರು. ಮಡಿಕೆಗಳು ಅತಿ ಜೋರಾಗಿ ತಾಗುವುದು ಆ ಜಾಗದಲ್ಲಿ, ನಡುಭಾಗಕ್ಕೆ ಸ್ವಲ್ಪ ಮುಂದೆ. ಗಂಟು ಬೆಳೆಯುವುದೂ ಅಲ್ಲೇ. ಕೆಲಸ ಮಾಡಿ ಮಾಡಿ ಅಂಗೈಯಲ್ಲಿ ಕಾಯಿಕಟ್ಟುವ ಹಾಗೆ ಎರಡೂ ಮಡಿಕೆಯಲ್ಲಿ ಎದುರುಬದುರು ಗಂಟು ಕಟ್ಟುತ್ತದೆ. ನನಗೆ ಗಂಟು ಆಗಿರಲಿಲ್ಲ. ಊತ ಇತ್ತು. ಹೀಗೇ ಬಿಟ್ಟರೆ ಗಂಟಾಗಬಹುದಿತ್ತು.

ಪರದೆಯ ಮೇಲೆ ನನ್ನ ಗಂಟಲನ್ನು ನಾನೇ ನೋಡಿದ್ದು ನನ್ನ ಮೇಲೆ ಮಾಡಿದ ಪರಿಣಾಮ ಯಾವ ಬುದ್ಧಿಮಾತಿನಿಂದಲೂ ಆಗುತ್ತಿರಲಿಲ್ಲ. ಆಮೇಲೆ ಓದಿದಾಗ ತಿಳಿಯಿತು, ಧ್ವನಿಪೆಟ್ಟಿಗೆಯನ್ನು ಕನ್ನಡಿಯಲ್ಲಿ ನೋಡುವ ದಾರಿ ತೋರಿಸಿದ್ದು ಡಾಕ್ಟರಲ್ಲ, ಮ್ಯಾನುಯೆಲ್ ಗಾರ್ಸಿಯಾ ಎಂಬ ಹಾಡಿನ ಮೇಷ್ಟ್ರು. 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲ ಹಿಂದಿಟ್ಟು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತಮ್ಮ ಧ್ವನಿತಂತುಗಳನ್ನು ತಾವೇ ನೋಡಿದರು. ದನಿಯಿಂದ ಬದುಕುವ ಒಬ್ಬ ಕಲಿಸುವವನಿಗೇ ಅದನ್ನು ನೋಡಬೇಕು ಅನ್ನಿಸಿತ್ತು ಎಂದು ಓದಿ ಸಂತೋಷವಾಯಿತು.

ಕಫ ಶತ್ರುವಲ್ಲ ಎಂದು ಡಾಕ್ಟರು ಅವತ್ತು ಬಿಡಿಸಿ ಹೇಳಿದರು. ಮೂಗು, ಗಂಟಲು ಸೇರಿ ದಿನಕ್ಕೆ ಸುಮಾರು ಒಂದು ಲೀಟರ್ ಲೋಳೆ ತಯಾರಿಸುತ್ತವೆ. ಎಲ್ಲರಲ್ಲೂ. ಅದರಲ್ಲಿ ಶೇಕಡಾ 95ರಷ್ಟು ನೀರು. ನಮಗೆ ಗೊತ್ತೇ ಆಗದೆ ನುಂಗುತ್ತಿರುತ್ತೇವೆ. ಧೂಳು, ರೋಗಾಣು ಹಿಡಿಯುವುದು ಅದರ ಕೆಲಸ, ಧ್ವನಿತಂತುಗಳಿಗೆ ಎಣ್ಣೆಯ ಹಾಗೆ ಜಾರು ಕೊಡುವುದೂ ಅದರ ಕೆಲಸವೇ. ಅದಿಲ್ಲದಿದ್ದರೆ ಆ ಉಜ್ಜಾಟಕ್ಕೆ ಮಡಿಕೆಗಳು ತಡೆಯುವುದೇ ಇಲ್ಲ. ಅದು ತೆಳ್ಳಗಿದ್ದರೆ ಇರುವುದೇ ತಿಳಿಯುವುದಿಲ್ಲ. ಗಟ್ಟಿಯಾದರೆ ತಿಳಿಯುತ್ತದೆ.

ನನ್ನಲ್ಲಿ ಆದದ್ದು ಹೀಗೆ. ನೆಗಡಿ ಬಂದಾಗ ನಿಜಕ್ಕೂ ಕಫ ಹೆಚ್ಚಿತ್ತು, ಗಂಟಲು ಸರಿಮಾಡಿಕೊಳ್ಳುವ ರೂಢಿ ಆಗ ಬಂತು. ನೆಗಡಿ ಹೋಯಿತು, ರೂಢಿ ಉಳಿಯಿತು. ಪ್ರತಿ ಸಲ ಮಡಿಕೆಗಳು ಅಪ್ಪಳಿಸಿದಾಗ ಅವು ಊದಿಕೊಳ್ಳುತ್ತವೆ. ಊತಕ್ಕೆ ಅಲ್ಲಿ ಏನೋ ಇದೆ ಅನ್ನಿಸುತ್ತದೆ. ಗಾಯಕ್ಕೆ ಕಾಪಾಗಿ ಮೈ ಇನ್ನಷ್ಟು ಲೋಳೆ ಕಳಿಸುತ್ತದೆ. ಆ ಲೋಳೆಯನ್ನು ತೆಗೆಯಲು ನಾನು ಮತ್ತೆ ‘ಹ್ಞುಹುಂ’ ಅನ್ನುತ್ತೇನೆ. ನೆಗಡಿಯ ನಂತರ ಕೆಲವರ ಗಂಟಲ ನರಗಳು ಚುರುಕಾಗಿಬಿಡುತ್ತವಂತೆ, ಸುಮ್ನೆ ಇರುವ ಮಾಮೂಲಿ ಲೋಳೆಯೂ ದೊಡ್ಡ ಗಂಟಿನಂತೆ ಅನ್ನಿಸುತ್ತದೆ. ಅಂದರೆ ಐದು ತಿಂಗಳಿಂದ ನಾನು ಕಫವನ್ನು ತೆಗೆಯುತ್ತಿರಲಿಲ್ಲ, ತಯಾರಿಸುತ್ತಿದ್ದೆ.

ಇನ್ನೊಂದು ಕಾರಣವೂ ಇರಬಹುದು ಎಂದರು. ಧ್ವನಿಪೆಟ್ಟಿಗೆಯ ಹಿಂಭಾಗ ಸ್ವಲ್ಪ ಕೆಂಪಾಗಿತ್ತು. ಹೊಟ್ಟೆಯ ಹುಳಿ ಮೇಲಕ್ಕೆ ಬಂದರೆ ಹೀಗಾಗುತ್ತದೆ. ‘ನನಗೆ ಎದೆಯುರಿ ಇಲ್ಲವಲ್ಲ ಡಾಕ್ಟರ್’ ಎಂದೆ. ಗಂಟಲವರೆಗೆ ಹುಳಿ ಬರುವ ಎಷ್ಟೋ ಜನರಿಗೆ ಎದೆಯುರಿ ಇರುವುದೇ ಇಲ್ಲವಂತೆ. ಅನ್ನನಾಳ ತಡೆದುಕೊಳ್ಳುವಷ್ಟು ಹುಳಿಯನ್ನು ಧ್ವನಿಪೆಟ್ಟಿಗೆ ತಡೆದುಕೊಳ್ಳುವುದಿಲ್ಲ. ಆದರೆ ಬರೀ ಕೆಂಪು ನೋಡಿ ಇದು ಹುಳಿಯೇ ಎಂದು ಹೇಳಲೂ ಬರುವುದಿಲ್ಲ, ಕೆಮ್ಮಿ ಕ್ಯಾಕರಿಸಿದರೂ ಕೆಂಪಾಗುತ್ತದೆ. ಅದಕ್ಕೇ ಮಾತ್ರೆ ಬರೆದುಕೊಡಲಿಲ್ಲ. ಮೊದಲು ಊಟದ ಹೊತ್ತು ಬದಲಿಸಿ ನೋಡೋಣ ಎಂದರು. ಮಲಗುವ ಮೂರು ಗಂಟೆ ಮುಂಚೆ ಊಟ ಮುಗಿಸಬೇಕು. ರಾತ್ರಿ ಹೊಟ್ಟೆ ಬಿರಿಯ ತಿನ್ನಬಾರದು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡಿಟ್ಟು 15 ಸೆಂಟಿಮೀಟರ್ ಎತ್ತರಿಸಬೇಕು. ನಾನು ಎರಡು ದಿಂಬು ಸಾಲದೇ ಎಂದು ಕೇಳಿದೆ. ದಿಂಬು ಜಾಸ್ತಿ ಇಟ್ಟರೆ ಕುತ್ತಿಗೆ ಮತ್ತು ಸೊಂಟ ಬಾಗಿ ಹೊಟ್ಟೆ ಒತ್ತಿಕೊಳ್ಳುತ್ತದೆ, ಇಡೀ ಮೈ ಇಳಿಜಾರಾಗಬೇಕು ಎಂದರು.

ಮೂಗನ್ನೂ ನೋಡಿದರು. ಅಲ್ಲಿಂದ ಹಿಂದಕ್ಕೆ ಸ್ವಲ್ಪ ಸುರಿಯುತ್ತಿತ್ತು. ಅದಕ್ಕೆ ದಿನಕ್ಕೊಮ್ಮೆ ಉಪ್ಪುನೀರಿನಿಂದ ಮೂಗು ತೊಳೆಯಲು ಹೇಳಿದರು. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ನೀರನ್ನು ಕುದಿಸಿ ಆರಿಸಿರಲೇಬೇಕು. ನಲ್ಲಿ ನೀರನ್ನು ನೇರವಾಗಿ ಮೂಗಿಗೆ ಹಾಕಬಾರದು. ಅಪರೂಪಕ್ಕೆ ಅದರಲ್ಲಿರುವ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋಗಿ ಪ್ರಾಣ ತೆಗೆದದ್ದಿದೆ. ಈ ಒಂದು ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಆಮೇಲೆ ನನ್ನನ್ನು ಸ್ಪೀಚ್ ಥೆರಪಿಸ್ಟ್ ಒಬ್ಬರ ಬಳಿ ಕಳಿಸಿದರು. ಮಾತು ಬಾರದ ಮಕ್ಕಳಿಗೆ ಮಾತ್ರ ಅವರು ಬೇಕಾಗುತ್ತದೆ ಎಂದುಕೊಂಡಿದ್ದೆ. ನನ್ನ ದನಿ ವಾಪಸ್ಸು ಬಂದಿದ್ದರೆ ಅದಕ್ಕೆ ಮುಖ್ಯ ಕಾರಣ ಅವರೇ.

ಮೊದಲ ದಿನ ಅವರು ನಾನು ಒಂದೇ ಉಸಿರಿನಲ್ಲಿ ‘ಆ’ ಎಂದು ಎಷ್ಟು ಹೊತ್ತು ಎಳೆಯಬಲ್ಲೆ ಎಂದು ಅಳೆದರು. ಒಂಬತ್ತು ಸೆಕೆಂಡು. ಆರೋಗ್ಯವಂತರಾದ ದೊಡ್ಡವರು 15ರಿಂದ 25 ಸೆಕೆಂಡು ಎಳೆಯುತ್ತಾರೆ. ಊದಿಕೊಂಡ ಮಡಿಕೆಗಳು ಸರಿಯಾಗಿ ಕೂಡದೆ ನಡುವಿನಿಂದ ಗಾಳಿ ಸೋರಿಹೋಗುತ್ತಿತ್ತು. ಮಾತಾಡುತ್ತಿದ್ದ ಅರ್ಧ ಗಂಟೆಯಲ್ಲಿ ನಾನು ಎಷ್ಟು ಸಲ ಗಂಟಲು ಸರಿಮಾಡಿಕೊಂಡೆ ಎಂದೂ ಅವರು ಎಣಿಸಿದ್ದರು. ಸಂಖ್ಯೆ ಹೇಳಲಿಲ್ಲ. ‘ಈ ವಾರ ನಿಲ್ಲಿಸಲು ಹೋಗಬೇಡಿ. ಸುಮ್ನೆ ಎಣಿಸಿ. ಯಾವಾಗ ಬರುತ್ತೆ ನೋಡಿ’ ಎಂದರು.

ಎಣಿಸಿದೆ. ಸಣ್ಣ ಪುಸ್ತಕ ಇಟ್ಟುಕೊಂಡೆ. ಮೂರನೇ ದಿನಕ್ಕೆ ನನಗೇ ಗೊತ್ತಾಯಿತು. ಹೆಚ್ಚಿನ ಸಲ ಗಂಟಲಲ್ಲಿ ಏನೂ ಇರುತ್ತಿರಲಿಲ್ಲ. ಮಾತು ಶುರುಮಾಡುವ ಮುಂಚೆ, ಏನು ಹೇಳಲಿ ಎಂದು ಯೋಚಿಸುವಾಗ, ಯಾರಾದರೂ ದೊಡ್ಡವರು ತರಗತಿಗೆ ಬಂದಾಗ, ಫೋನ್ ಎತ್ತುವ ಮುಂಚೆ. ಅದು ಕಫಕ್ಕಿಂತ ಹೆಚ್ಚಾಗಿ ಮಾತಿನ ಮೊದಲ ಅಕ್ಷರವೇ ಆಗಿಬಿಟ್ಟಿತ್ತು.

ಎರಡನೇ ವಾರ, ಹಾಗೆ ಅನ್ನಿಸಿದಾಗ ಅದರ ಬದಲು ಏನು ಮಾಡಬೇಕು ಎಂದು ಕಲಿಸಿದರು. ಮೊದಲು ಬಾಯಿ ಮುಚ್ಚಿ, ಗಲ್ಲವನ್ನು ಸ್ವಲ್ಪ ತಗ್ಗಿಸಿ, ಜೋರಾಗಿ ಒಂದು ಸಲ ಎಂಜಲು ನುಂಗಬೇಕು. ನುಂಗುವಾಗಲೂ ಮಡಿಕೆಗಳು ಕೂಡುತ್ತವೆ, ಆದರೆ ಅಪ್ಪಳಿಸುವುದಿಲ್ಲ. ಲೋಳೆ ಅಂಚಿನಿಂದ ಜಾರಿ ಹೋಗುತ್ತದೆ. ಸಾಲದಿದ್ದರೆ ಒಂದು ಗುಟುಕು ನೀರು. ಆಗಲೂ ಅಲ್ಲೇ ಇದೆ ಅನ್ನಿಸಿದರೆ ದನಿಯಿಲ್ಲದ ಕೆಮ್ಮು: ಕನ್ನಡಕಕ್ಕೆ ಆವಿ ಹಿಡಿಸುವ ಹಾಗೆ ಹೊಟ್ಟೆಯಿಂದ ‘ಹ್’ ಎಂದು ಬರೀ ಗಾಳಿ ದೂಡಿ, ತಕ್ಷಣ ನುಂಗುವುದು. ಸದ್ದು ಬಂದರೆ ತಪ್ಪಾಯಿತು ಎಂದರ್ಥ. ಕೊನೆಯದು ತುಟಿ ಮುಚ್ಚಿ ‘ಮ್...’ ಎಂದು ಮೆತ್ತಗೆ ಗುನುಗುವುದು. ಆ ನಡುಕಕ್ಕೇ ನೂಲು ಸಡಿಲವಾಗುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವುದು. ‘ಹತ್ತು ಎಣಿಸಿ. ಅದು ಏರುತ್ತೆ, ಏರುತ್ತೆ, ಆಮೇಲೆ ತಾನೇ ಇಳಿಯುತ್ತೆ’ ಎಂದಿದ್ದರು. ಮೊದಲ ದಿನಗಳಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಗಂಟಲಲ್ಲಿ ಇರುವೆ ಹರಿದ ಹಾಗೆ. ಆರು, ಏಳು. ಎಂಟಕ್ಕೆ ಬಂದಾಗ ಆ ತುರಿಕೆ ತುದಿ ಮುಟ್ಟಿ, ನಿಜವಾಗಿಯೂ, ಇಳಿಯತೊಡಗುತ್ತಿತ್ತು. ಮೊದಲ ಸಲ ಹಾಗಾದಾಗ ತರಗತಿಯ ಮಧ್ಯೆ ನಿಂತು ಖುಷಿಯಿಂದ ಉಸಿರು ಬಿಟ್ಟೆ. ಮಕ್ಕಳಿಗೆ ವಿಷಯ ಹೇಳಿಬಿಟ್ಟೆ. ಮುಂದಿನ ಬೆಂಚಿನ ಒಬ್ಬಳು ಅವತ್ತಿನಿಂದ, ನಾನು ‘ಹ್ಞು’ ಎಂದು ಶುರುಮಾಡಿದ ಕೂಡಲೇ ಮೇಜಿನ ಮೇಲಿದ್ದ ನನ್ನ ನೀರಿನ ಬಾಟಲಿಯ ಕಡೆ ಬೆರಳು ತೋರಿಸುವಳು. ಮಾತಿಲ್ಲ, ಬರೀ ಬೆರಳು. ಅವಳಿಂದ ನನಗಾದ ಉಪಕಾರ ದೊಡ್ಡದು.

ನೀರಿನ ವಿಷಯದಲ್ಲಿ ನನಗಿದ್ದ ತಪ್ಪು ತಿಳಿವಳಿಕೆಯೂ ಆಗ ಹೋಯಿತು. ಕುಡಿದ ನೀರು ಧ್ವನಿತಂತುಗಳನ್ನು ತೊಳೆದುಕೊಂಡು ಹೋಗುತ್ತದೆ ಎಂದುಕೊಂಡಿದ್ದೆ. ನೀರು ಹೋಗುವುದು ಅನ್ನನಾಳಕ್ಕೆ. ಒಂದು ಹನಿ ಧ್ವನಿತಂತುಗಳ ಮೇಲೆ ಬಿದ್ದರೂ ನೆತ್ತಿಗೇರಿ ಕೆಮ್ಮು ಬರುತ್ತದೆ, ಅಲ್ವಾ? ಕುಡಿದ ನೀರು ರಕ್ತಕ್ಕೆ ಸೇರಿ, ಅಲ್ಲಿಂದ ಲೋಳೆಯ ಗ್ರಂಥಿಗಳಿಗೆ ಹೋಗಬೇಕು. ಅದಕ್ಕೆ ಸಮಯ ಬೇಕು. ಪಾಠ ಶುರುವಾಗುವಾಗ ಅರ್ಧ ಲೀಟರ್ ಗಟಗಟ ಕುಡಿದರೆ ಆ ಪಾಠಕ್ಕೆ ಅಷ್ಟೇನೂ ಆಗುವುದಿಲ್ಲ. ಬೆಳಿಗ್ಗೆಯಿಂದ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಮೂತ್ರ ತಿಳಿಯಾಗಿದ್ದರೆ ಸಾಕು, ಅದೇ ಅಳತೆ. ಧ್ವನಿತಂತುಗಳಿಗೆ ನೇರವಾಗಿ ತಲುಪುವುದು ಉಸಿರಿನ ತೇವ ಮಾತ್ರ. ಅದಕ್ಕೆ ಸಂಜೆ ಐದು ನಿಮಿಷ ಹಬೆ ತೆಗೆದುಕೊಳ್ಳುತ್ತಿದ್ದೆ. ಕುದಿಯುವ ನೀರಿನ ಪಾತ್ರೆಯ ಮೇಲೆ ಬಗ್ಗಬಾರದು, ಪಾತ್ರೆ ಮಗುಚಿ ಸುಟ್ಟುಕೊಂಡವರು ಬಹಳ ಜನ. ಬಿಸಿನೀರು ಬಿಟ್ಟ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೂ ಸಾಕು. ಮೂಗಿನಿಂದ ಉಸಿರಾಡುವುದೂ ಒಂದು ಔಷಧಿಯೇ. ಮೂಗು ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ ಕಳಿಸುತ್ತದೆ.

ದನಿಯ ವ್ಯಾಯಾಮಕ್ಕೆ ಬೇಕಾದದ್ದು ಒಂದು ಸ್ಟ್ರಾ, ಒಂದು ಲೋಟ ನೀರು. ಸ್ಟ್ರಾದ ತುದಿಯನ್ನು ನೀರಿನಲ್ಲಿ ಎರಡು ಮೂರು ಸೆಂಟಿಮೀಟರ್ ಮುಳುಗಿಸಿ, ಅದರ ಮೂಲಕ ‘ಊ’ ಎಂದು ದನಿ ತೆಗೆಯಬೇಕು. ಗುಳ್ಳೆ ಒಂದೇ ಸಮನೆ ಏಳಬೇಕು. ಕೆನ್ನೆ ಅದುರಬೇಕು, ಗಂಟಲು ಬಿಗಿಯಬಾರದು. ಕೆಳಗಿನ ಸ್ವರದಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಬೇಕು. ಬಾಯ ತುದಿಯಲ್ಲಿ ದಾರಿ ಕಿರಿದಾದಾಗ ಒಳಗೆ ಗಾಳಿಯ ಒತ್ತಡ ಹಿಂದಕ್ಕೆ ಬಂದು ಮಡಿಕೆಗಳನ್ನು ತುಸು ದೂರ ಹಿಡಿಯುತ್ತದೆ, ಅವು ಜೋರಾಗಿ ಬಡಿಯದೆ ಹಗುರವಾಗಿ ತಾಗುತ್ತವೆ. ಇಂಗೊ ಟಿಟ್ಜ ಎಂಬ ಧ್ವನಿವಿಜ್ಞಾನಿ ಇದರ ಕಾರಣವನ್ನು ಲೆಕ್ಕ ಹಾಕಿ ವಿವರಿಸಿದ್ದಾರೆ. ಬೆಳಿಗ್ಗೆ ಐದು ನಿಮಿಷ, ಪಾಠಗಳ ನಡುವೆ ಎರಡೆರಡು ನಿಮಿಷ ಮಾಡುತ್ತಿದ್ದೆ. ಸ್ಟ್ರಾ ತೆಗೆದು ಮಾತಾಡಿದ ಕೂಡಲೇ ದನಿ ಗಂಟಲಿನಿಂದ ಎದ್ದು ತುಟಿಯ ಹತ್ತಿರ ಬಂದ ಹಾಗೆ ಅನ್ನಿಸುತ್ತದೆ. ಈಗಲೂ ಬ್ಯಾಗಿನಲ್ಲಿ ಸ್ಟ್ರಾ ಇದ್ದೇ ಇರುತ್ತದೆ.

ತರಗತಿಯಲ್ಲಿ ಮಾಡಿಕೊಂಡ ಬದಲಾವಣೆಗಳಲ್ಲಿ ದೊಡ್ಡದು ಒಂದೇ. ಗದ್ದಲದ ಮೇಲೆ ಮಾತಾಡುವುದನ್ನು ಬಿಟ್ಟೆ. ಸುತ್ತ ಸದ್ದು ಹೆಚ್ಚಾದರೆ ಗೊತ್ತಿಲ್ಲದೆಯೇ ನಮ್ಮ ದನಿ ಏರುತ್ತದೆ. 1911ರಲ್ಲಿ ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ಡಾಕ್ಟರು ಇದನ್ನು ತೋರಿಸಿಕೊಟ್ಟಿದ್ದರಿಂದ ಅವರ ಹೆಸರಿನಿಂದಲೇ ಕರೆಯುತ್ತಾರೆ. ನಾನು ಲೆಕ್ಕ ಹಾಕಿದೆ. ನಲವತ್ತು ನಿಮಿಷದ ಪಾಠದಲ್ಲಿ ಹದಿನೈದು ನಿಮಿಷ ದನಿ ಹೊರಟರೂ ಮಡಿಕೆಗಳು 1,80,000 ಸಲ ತಾಗುತ್ತವೆ. ಅದನ್ನೆಲ್ಲ ಕೂಗಿನಲ್ಲಿ ಕಳೆಯುವುದೇ? ಈಗ ಗದ್ದಲವಾದರೆ ಎರಡು ಸಲ ಚಪ್ಪಾಳೆ ತಟ್ಟುತ್ತೇನೆ, ಸುಮ್ಮನೆ ನಿಲ್ಲುತ್ತೇನೆ. ಹಿಂದಿನ ಬೆಂಚಿಗೆ ಹೇಳಬೇಕಾದ್ದನ್ನು ಅಲ್ಲಿಗೇ ಹೋಗಿ ಹೇಳುತ್ತೇನೆ. ದೊಡ್ಡ ತರಗತಿಗೆ ಕೊರಳಿಗೆ ಹಾಕಿಕೊಳ್ಳುವ ಸಣ್ಣ ಮೈಕು ತಂದೆ. ಅದನ್ನು ಹಾಕಿಕೊಳ್ಳಲು ಸಂಕೋಚವಿತ್ತು. ಆ ಸಂಕೋಚದಲ್ಲಿ ಎಷ್ಟು ವರ್ಷ ಕಳೆದೆನಲ್ಲ ಎಂದು ಈಗ ಬೇಸರವಾಗುತ್ತದೆ.

ಆರು ವಾರಕ್ಕೆ ಗೆರೆಗಳು ಒಂದು ಪಾಠಕ್ಕೆ ಹತ್ತಕ್ಕೆ ಇಳಿದವು. ಅಷ್ಟರಲ್ಲಿ ಕ್ರೀಡಾ ದಿನ ಬಂತು. ಮೈದಾನದಲ್ಲಿ ಮೈಕು ಕೆಟ್ಟಿತು. ಓಟದ ಹೊತ್ತು ಮೀರುತ್ತಿತ್ತು, ಮಕ್ಕಳು ಚದುರುತ್ತಿದ್ದರು. ನಾನು ಎರಡು ಗಂಟೆ ಕೂಗಿದೆ. ಮಾರನೇ ಬೆಳಿಗ್ಗೆ ದನಿಯೇ ಇಲ್ಲ. ಗಂಟಲ ತುಂಬ ಕಫ, ಕೈಬಿಟ್ಟಿದ್ದ ‘ಹ್ಞುಹುಂ’ ತಾನಾಗಿ ವಾಪಸ್ಸು. ಅವತ್ತು ಅತ್ತುಬಿಟ್ಟೆ. ಥೆರಪಿಸ್ಟ್‌ಗೆ ಮೆಸೇಜ್ ಮಾಡಿದರೆ ಬಂದ ಉತ್ತರ ಇಷ್ಟೇ: ‘ಎರಡು ದಿನ ಮಾತು ಬೇಡ. ಮೂರನೇ ದಿನ ಸ್ಟ್ರಾ. ಮೊದಲಿನಿಂದ ಎಣಿಸಿ.’ ಹಾಗೇ ಮಾಡಿದೆ. ಈ ಸಲ ಹತ್ತಕ್ಕೆ ಇಳಿಯಲು ಆರು ವಾರ ಬೇಕಾಗಲಿಲ್ಲ, ಹನ್ನೊಂದು ದಿನ ಸಾಕಾಯಿತು.

ಮೂರು ತಿಂಗಳಿಗೆ ಮತ್ತೆ ಕ್ಯಾಮೆರಾ. ಅದೇ ಕಹಿ, ಅದೇ ‘ಈ’. ಮಡಿಕೆಗಳ ಅಂಚು ನೇರವಾಗಿತ್ತು, ಊತ ಇಳಿದಿತ್ತು. ಹಿಂಭಾಗದ ಕೆಂಪು ಇನ್ನೂ ತುಸು ಇತ್ತು. ಮಂಚದ ಕೆಳಗಿನ ಮರದ ತುಂಡುಗಳು ಅಲ್ಲೇ ಇರಲಿ ಎಂದರು. ‘ಆ’ 17 ಸೆಕೆಂಡು ಎಳೆಯಿತು. ಪರದೆಯ ಮೇಲೆ ಬಲ ಮಡಿಕೆಯ ಪಕ್ಕದಲ್ಲಿ ಸಣ್ಣದೊಂದು ಲೋಳೆಯ ಹನಿ ಕಂಡಿತು. ನನಗೆ ಗಾಬರಿಯಾಯಿತು. ‘ಇದು ಎಲ್ಲರಿಗೂ ಇರುತ್ತೆ. ನಿಮಗೆ ಈಗ ಅದು ಗೊತ್ತಾಗ್ತಿದೆಯಾ?’ ಎಂದು ಕೇಳಿದರು. ಇಲ್ಲ, ಗೊತ್ತಾಗುತ್ತಿರಲಿಲ್ಲ.

ನಿಜವಾದ ಪರೀಕ್ಷೆ ಅದಾದ ಮೇಲೆ ಬಂತು. ಮತ್ತೆ ನೆಗಡಿ, ಹೋದ ಸಲದ ಹಾಗೆಯೇ. ಈ ಸಲ ಮೊದಲ ದಿನವೇ ರಜೆ ಹಾಕಿದೆ. ಗಂಟಲು ಊದಿದ ಎರಡು ದಿನ ಬರೆದು ತೋರಿಸಿ ಮನೆಯವರ ಜೊತೆ ವ್ಯವಹರಿಸಿದೆ. ಮೂಗು ತೊಳೆದೆ, ಹಬೆ ತೆಗೆದುಕೊಂಡೆ. ಕೆಮ್ಮು ಬಂದಾಗ ಕೆಮ್ಮಿದೆ, ಬೇಕೆಂದು ಕ್ಯಾಕರಿಸಲಿಲ್ಲ. ಐದನೇ ದಿನ ಪಾಠಕ್ಕೆ ಹೋಗಿ ಮೇಜಿನ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಸಂಜೆ ಹಾಳೆ, ಪೆನ್ನು ಹಿಡಿದು ಕೂತು ಕೇಳಿದೆ. ನಲವತ್ತು ನಿಮಿಷಕ್ಕೆ ನಾಲ್ಕು ಗೆರೆ. ದನಿ ಸ್ವಲ್ಪ ದಪ್ಪಗಿತ್ತು. ಒಂದು ಕಡೆ ಮಾತು ನಿಂತು, ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು, ಒಂದು ಗುಟುಕು, ಆಮೇಲೆ ಪಾಠ ಮುಂದಕ್ಕೆ ಹೋಗಿತ್ತು. ಆ ರೆಕಾರ್ಡಿಂಗನ್ನು ಮಕ್ಕಳಿಗೆ ಕಳಿಸಿದೆ.